ಚಳ್ಳಕೆರೆ ಮೇಲೆ ಹೈದರಾಬಾದು

ಹೊಸದಾಗಿ ಬಾಡಿಗೆ ಕಾರಿನ ಸ್ಟೇರಿಂಗ್ ಹಿಡಿಯುತ್ತಿರುವ ತಮ್ಮಂದಿರು ಆಗಾಗ ಮನೆಗೆ ಬಂದು, "ಗಾದಿಲಿಂಗಣ್ಣ, ನಿಮ್ಮ ಅನುಭವ ಹೇಳ್ರಿ" ಅನ್ನುತ್ತಾರೆ. ಚಹಾ ಬರುವವರೆಗೆ ಕೇಳುತ್ತಾರೆ. ಚಹಾ ಕುಡಿದ ಮೇಲೆ ಫೋನು ನೋಡುತ್ತಾರೆ. ಆದ್ದರಿಂದ ಬರೆದಿಡುವುದೇ ಕ್ಷೇಮವೆಂದು ತೀರ್ಮಾನಿಸಿದ್ದೇನೆ. ಓದುವವರಿಗೆ ಚಹಾ ಕೊಡಬೇಕಾಗಿಲ್ಲ.

ಬಡ್ತಿಯ ಪ್ರಕರಣವನ್ನು ಮೊದಲೇ ಮುಗಿಸಿಬಿಡುತ್ತೇನೆ. ಡ್ರೈವರಾಗಿ ಹತ್ತಿದೆ, ಡ್ರೈವರಾಗಿಯೇ ಇಳಿದೆ. ಬಡ್ತಿ ಸಿಕ್ಕಿದ್ದು ಗಾಡಿಗಳಿಗೆ. ಗುಂಡು ಬೆನ್ನಿನ ಬಿಳಿ ಅಂಬಾಸಿಡರ್ ಹೋಗಿ ಜೀಪಿನಂಥದ್ದು ಬಂತು, ಅದು ಹೋಗಿ ಏಳು ಸೀಟಿನ ತಣ್ಣನೆಯ ಗಾಡಿ ಬಂತು. ಸೀಟಿನ ಮೇಲೆ ಕೂತವನು ಮಾತ್ರ ಅದೇ ಮನುಷ್ಯ, ಅದೇ ಟವೆಲು.

ಕುರುಗೋಡಿನಿಂದ ಬಳ್ಳಾರಿಗೆ ಬಂದು ಗಾಂಧಿನಗರದ ಒಂದು ಟ್ರಾವೆಲ್ಸಿನಲ್ಲಿ ಸೇರಿದಾಗ ನನಗೆ ಗುರುಗಳಾಗಿ ಸಿಕ್ಕವರು ಹಿರಿಯ ಡ್ರೈವರ್ ಖಾಸಿಂ ಸಾಬರು. ಮೊದಲ ದಿನ ಗೇರು, ಕ್ಲಚ್ಚು ಯಾವುದನ್ನೂ ತೋರಿಸಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು, ಮಂತ್ರೋಪದೇಶ ಮಾಡುವವರ ಹಾಗೆ ಹೇಳಿದರು:

"ಗಾಡೀದು ಬ್ರೇಕ್ ಆಮ್ಯಾಲ ಕಲಿ ಬೇಟಾ. ಮೊದ್ಲು ಬಾಯಿ ಬ್ರೇಕ್ ಕಲಿ. ಗಿರಾಕಿ ಹತ್ತುವಾಗ 'ಎಲ್ಲಿಗಿ' ಅಂತ ಕೇಳಿದಿ ಅಂದ್ರ ನಿನ್ನ ನೌಕರಿ ಖತಂ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಹೊರಟವರನ್ನು ಎಲ್ಲಿಗೆಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಬೇರೆಯವರು ಕೇಳಿದರೆ ಒಂದು ಲೋಟ ನೀರು ಕುಡಿದು, ಜಗಲಿಯ ಮೇಲೆ ಕೂತೆದ್ದು ಮತ್ತೆ ಹೊರಡಬಹುದು. ಡ್ರೈವರೇ ಕೇಳಿದರೆ ಪರಿಹಾರವಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ರಜೆಯಲ್ಲಿದ್ದರೂ, ಕೋರ್ಟಿನಲ್ಲಿ ಕೇಸು ಮುಂದಕ್ಕೆ ಹೋದರೂ, ಅದೆಲ್ಲ ಡ್ರೈವರ್ ಬಾಯಿ ಬಿಟ್ಟದ್ದರಿಂದಲೇ.

ಹಾಗಾದರೆ ಗಾಡಿಯನ್ನು ಎತ್ತ ಓಡಿಸುವುದು? ಇಲ್ಲಿಯೇ ನಮ್ಮ ವಿದ್ಯೆಯ ಮಹತ್ತು ಇರುವುದು. ಸಾಮಾನು ನೋಡಿ ಊರು ಹೇಳಬೇಕು. ಮಡಿಬಟ್ಟೆಯ ಗಂಟು, ತಾಮ್ರದ ತಂಬಿಗೆ ಕಂಡರೆ ಮಂತ್ರಾಲಯ. ಎಕ್ಸ್‌ರೇ ಕವರು ಕಂಡರೆ ಹುಬ್ಬಳ್ಳಿ ಅಥವಾ ಬೆಂಗಳೂರಿನ ಆಸ್ಪತ್ರೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಕಟ್ಟು ಕಂಡರೆ ಕೋರ್ಟು. ಎಲ್ಲರೂ ಹೊಸ ಬಟ್ಟೆ ತೊಟ್ಟು ಒಬ್ಬರೂ ನಗುತ್ತಿಲ್ಲವೆಂದರೆ ಅದು ಹೆಣ್ಣು ನೋಡುವ ಬಾಡಿಗೆ. ಉಳಿದದ್ದಕ್ಕೆ ಖಾಸಿಂ ಸಾಬರು ಒಂದು ಪ್ರಶ್ನೆ ಹೇಳಿಕೊಟ್ಟಿದ್ದರು: "ಬಿಸಿಲು ಯಾವ ಕಡಿ ಬೀಳ್ತದ್ರಿ, ಅಮ್ಮಾವ್ರನ್ನ ಯಾವ ಕಡಿ ಕೂಡಸ್ಲಿ?" ಗಿರಾಕಿ ಕೊಡುವ ಉತ್ತರದಿಂದ ದಿಕ್ಕು ಸಿಗುತ್ತಿತ್ತು.

ಈಗ ಫೋನಿನಲ್ಲಿ ನಕ್ಷೆ ಬಂದಿದೆ. ಅದು ಬಾಯಿ ಬಿಡುವುದೇ ಎಲ್ಲಿಗೆಂದು ಕೇಳುವುದಕ್ಕೆ. ಹಚ್ಚೊಳ್ಳಿಯ ಅಜ್ಜಿಯೊಬ್ಬರು ಗಾಡಿಯೊಳಗೆ ಆ ಹೆಣ್ಣುದನಿ ಕೇಳಿದ ಕೂಡಲೇ, "ಯಾವಾಕಿ ಆಕಿ, ಬಾಯಿ ಮುಚ್ಚಸು ಆಕೀದು" ಎಂದು ಫೋನಿನ ಮೇಲೆ ಸೆರಗು ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನು ನನ್ನ ಫೋನನ್ನು ಕಡೆಯವರೆಗೂ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇಟ್ಟೆ.

ಹಳ್ಳಿಯವರನ್ನು ಮಾತ್ರ ಹೀಗೆಂದು ನಗಬೇಡಿ. ಗಾಂಧಿನಗರದಲ್ಲೇ ಶೇಷಗಿರಿರಾಯರೆಂಬ ನಿವೃತ್ತ ಗುಮಾಸ್ತರಿದ್ದರು. ಪರಮ ವೈಷ್ಣವರು. ಬೆಂಗಳೂರಿನ ಮದುವೆಗೆ ಮಂಗಳವಾರ ಹೊರಡಬೇಕಾಗಿ ಬಂತು. ಮಂಗಳವಾರ ಆಗದು. ಸೋಮವಾರವೇ ಒಳ್ಳೆಯ ಹೊತ್ತು ನೋಡಿ ಪ್ರಸ್ಥಾನ ಇಟ್ಟರು. ಅಂದರೆ ಪ್ರಯಾಣದ ಒಂದು ಚೀಲವನ್ನು ಮುಂಚಿತವಾಗಿ ಪಕ್ಕದ ಮನೆಗೆ ಸಾಗಿಸುವುದು. ಚೀಲ ಹೊಸ್ತಿಲು ದಾಟಿತೆಂದರೆ ಯಜಮಾನರೂ ಹೊರಟಂತೆಯೇ. ಮಂಗಳವಾರ ಬೆಳಿಗ್ಗೆ ನಾನು ಹೋಗಿ ನೋಡಿದರೆ ಪಕ್ಕದ ಮನೆಗೆ ಬೀಗ. ಅವರೂ ಅಷ್ಟೇ ದೈವಭಕ್ತರು, ನಸುಕಿನ ಬಸ್ಸಿಗೆ ಮಂತ್ರಾಲಯಕ್ಕೆ ಹೋಗಿದ್ದರು.

"ಚೀಲದಾಗ ಏನದರಿ?" ಎಂದೆ.

ರಾಯರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಹೇಳಿದರು, "ನನ್ನ ಹಲ್ಲಿನ ಸೆಟ್ಟು."

"ಅವರು ಬರೋತನಕ ತಡೀರಲ್ಲ?"

"ನಿನ್ನೇನೇ ಹೊರಟಾಗೇದಪ್ಪಾ. ಹೊರಟವರು ಮನ್ಯಾಗ ಕೂತಿರ್ತಾರೇನು?"

ಮದುವೆ ಮನೆಯಲ್ಲಿ ರಾಯರು ಪಾಯಸಕ್ಕೆ ಮಾತ್ರ ನ್ಯಾಯ ಸಲ್ಲಿಸಿದರು. ಹೋಳಿಗೆಯ ಕಡೆ ಅವರು ನೋಡುತ್ತಿದ್ದ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಇಷ್ಟು ಪೀಠಿಕೆ ಬೇಕಾಯಿತು. ಇನ್ನು ಮುಖ್ಯ ಪ್ರಕರಣಕ್ಕೆ ಬರುತ್ತೇನೆ. ನಾನು ಗಾಡಿಯಿಂದ ಇಳಿಯುವುದಕ್ಕೆ ಸ್ವಲ್ಪ ಮೊದಲು ನಡೆದದ್ದು.

ಬೆಂಗಳೂರು, ಹೈದರಾಬಾದುಗಳ ನಡುವೆ ಒಂದು ಹೆದ್ದಾರಿಯಿದೆ. ಅನಂತಪುರ, ಗುತ್ತಿ, ಕರ್ನೂಲು ದಾಟಿ ನೆಟ್ಟಗೆ ಹೋಗುತ್ತದೆ. ನಕ್ಷೆ ಬರೆದವರು ಬಳ್ಳಾರಿಯನ್ನು ಅದರಿಂದ ದೂರ, ಪಡುವಣಕ್ಕೆ ಇಟ್ಟಿದ್ದಾರೆ. ಅದು ಅವರ ಅಭಿಪ್ರಾಯ. ಬಳ್ಳಾರಿಯಿಂದ ಬೆಂಗಳೂರಿಗೆ ಹೋಗುವವರು ತೆಂಕಣಕ್ಕೆ ಚಳ್ಳಕೆರೆ, ಹಿರಿಯೂರಿನ ಮೇಲೆ ಹೋಗುತ್ತಾರೆ. ಹೈದರಾಬಾದಿಗೆ ಹೋಗುವವರು ಬಡಗಣಕ್ಕೆ ಸಿರುಗುಪ್ಪ, ರಾಯಚೂರಿನ ಮೇಲೆ ಹೋಗುತ್ತಾರೆ. ಒಂದರ ಬದಲು ಇನ್ನೊಂದನ್ನು ಹಿಡಿಯಲು ಯಾರಿಗೂ ಸಾಧ್ಯವಿಲ್ಲ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳುತ್ತಿದ್ದೆ.

ಮಾಲೀಕರು ಶನಿವಾರ ಸಂಜೆ ಕರೆದು, "ನಾಳೆ ದೇಶನೂರಿನ ಬಾಡಿಗಿ. ದೊಡ್ಡೂರಿಗೆ. ಎರಡು ದಿನ" ಅಂದರು. ಯಾವ ದೊಡ್ಡೂರೆಂದು ಅವರೂ ಕೇಳಿರಲಿಲ್ಲ. ಅವರೂ ಖಾಸಿಂ ಸಾಬರ ಶಿಷ್ಯರೇ.

ದೇಶನೂರು ಸಿರುಗುಪ್ಪ ತಾಲ್ಲೂಕಿನ ಭತ್ತದ ಊರು. ಭಾನುವಾರ ಕೋಳಿ ಕೂಗುವ ಹೊತ್ತಿಗೆ ಹೋಗಿ ಗಾಡಿ ನಿಲ್ಲಿಸಿದೆ. ಮನೆಯ ಯಜಮಾನಿ ಈರಮ್ಮ, ಅವರ ಮಗ ಪಂಪಾಪತಿ, ಹಚ್ಚೊಳ್ಳಿಯಿಂದ ಬಂದಿದ್ದ ಈರಮ್ಮನ ತಮ್ಮ ಶರಣಪ್ಪ, ಇಷ್ಟೇ ಜನ. ಹೊಸ ಬಟ್ಟೆ, ಯಾರ ಮುಖದಲ್ಲೂ ನಗುವಿಲ್ಲ. ಹೆಣ್ಣು ನೋಡುವ ಬಾಡಿಗೆ ಎಂದು ಇಳಿಯದೆಯೇ ತಿಳಿಯಿತು.

ಪಂಪಾಪತಿಗೆ ಮೂವತ್ತೈದು ದಾಟಿತ್ತು. ನೀರಾವರಿ ಗದ್ದೆ, ಸ್ವಂತ ಟ್ರ್ಯಾಕ್ಟರ್, ಬೀಡಿ ಸಹ ಸೇದದ ಹುಡುಗ. ಒಂದೇ ದೋಷವೆಂದರೆ ರೈತ. ಸಿರುಗುಪ್ಪದ ಅಕ್ಕಿ ಬೇಕು, ಬೆಳೆಯುವವನು ಬೇಡ ಎನ್ನುವ ಕಾಲವಿದು. ಅವನಿಗೆ ಎಷ್ಟು ಹೆಣ್ಣು ನೋಡಿದ್ದರೆಂಬ ಲೆಕ್ಕವನ್ನು ಊರಿನವರೇ ಬಿಟ್ಟಿದ್ದರು.

ಮಾವ ಶರಣಪ್ಪನ ದೃಢ ನಂಬಿಕೆ ಏನೆಂದರೆ, ಊರಿನ ಹೊಟ್ಟೆಕಿಚ್ಚಿನವರು ಹೆಣ್ಣಿನ ಕಡೆಯವರಿಗೆ ಚಾಡಿ ಹೇಳಿ ಸಂಬಂಧಕ್ಕೆ ಕಲ್ಲು ಹಾಕುತ್ತಾರೆ. ಆದ್ದರಿಂದ ಈ ಸಲ ಗುಪ್ತಚರ ಇಲಾಖೆ ಮೆಚ್ಚುವಂಥ ಏರ್ಪಾಡು ಮಾಡಿದ್ದ. ಈರಮ್ಮನ ಮೊಣಕಾಲು ತೋರಿಸಲು ಬಳ್ಳಾರಿ ಆಸ್ಪತ್ರೆಗೆ ಹೊರಟಿದ್ದೇವೆ ಎಂದು ಊರಿಗೆಲ್ಲ ಸಾರಿದ್ದ. ಈರಮ್ಮ ಒಂದು ವಾರದಿಂದ ಕುಂಟುತ್ತಿದ್ದರು. ಅವತ್ತು ಬಲ ಮೊಣಕಾಲಿಗೆ ಬಟ್ಟೆಯನ್ನೂ ಸುತ್ತಿಕೊಂಡು ಬಾಗಿಲು ದಾಟುವಾಗ ಎದುರುಮನೆಯಾಕೆ ಸಗಣಿ ನೀರಿನ ಬಕೆಟ್ಟು ಹಿಡಿದು ನಿಂತಿದ್ದರು.

"ಯಾಕಬೇ ಈರಮ್ಮ, ನಿನ್ನಿತನಕ ಎಡಗಾಲು ಕುಂಟತಿದ್ದಿ?"

ಈರಮ್ಮ ಒಂದು ಕ್ಷಣ ಎರಡೂ ಕಾಲಿನ ಮೇಲೆ ನಿಂತರು. ಆಮೇಲೆ, "ಈಗ ಎರಡೂ ಹಿಡದಾವಬೇ" ಎಂದು ಎರಡೂ ಕಾಲು ಕುಂಟುತ್ತ ಬಂದು ಕೂತರು.

ಮೂರು ಜನ ಶುಭಕಾರ್ಯಕ್ಕೆ ಹೋಗಬಾರದು. "ಡ್ರೈವರ್ ಸೇರಿ ನಾಲ್ಕು ಮಂದಿ ಆಗ್ತೀವಿ, ಅಲ್ಲೂ ನಮ್ಮ ಜೋಡಿ ಒಳಗ ಬರಬೇಕ್ರಿ ನೀವು" ಎಂದು ಈರಮ್ಮ ಮೊದಲೇ ನನ್ನನ್ನು ಬೀಗರ ಪಂಕ್ತಿಗೆ ಸೇರಿಸಿಬಿಟ್ಟರು.

ಶರಣಪ್ಪ ನನ್ನ ಪಕ್ಕದ ಸೀಟು ಹಿಡಿದು ಮೆಲ್ಲಗೆ, "ಬಳ್ಳಾರಿ ರೋಡ್ ಹಿಡಿ. ಊರ ಗಡಿ ದಾಟಲಿ, ಮುಂದಿಂದು ಆಮ್ಯಾಲ ಹೇಳ್ತೀನಿ" ಎಂದ. ಹಿಂದೆ ಈರಮ್ಮನ ಮಡಿಲಲ್ಲಿ ಒಂದು ಹೊಸ ಉಣ್ಣೆಯ ಶಾಲು ಇತ್ತು. ನನ್ನ ವಿದ್ಯೆ ಜಾಗೃತವಾಯಿತು. ದೊಡ್ಡೂರು, ಬಳ್ಳಾರಿ ರಸ್ತೆ, ಉಣ್ಣೆಯ ಶಾಲು. ಬೆಂಗಳೂರಿನ ಚಳಿಗಲ್ಲದೆ ಈ ಸೆಕೆಯ ನಾಡಿನಲ್ಲಿ ಉಣ್ಣೆ ಯಾರಿಗೆ ಬೇಕು? ತೀರ್ಪು ಬರೆದು ಸಹಿ ಹಾಕಿದ ನ್ಯಾಯಾಧೀಶನಂತೆ ಗೇರು ಬದಲಿಸಿದೆ.

ಗಡಿ ದಾಟಿತು. ಶರಣಪ್ಪ ಏನಾದರೂ ಹೇಳುತ್ತಾನೆಂದು ನೋಡಿದರೆ ಅವನ ತಲೆ ಎದೆಯ ಮೇಲೆ ಬಿದ್ದಿತ್ತು. ರಹಸ್ಯ ಕಾಯುವವರಿಗೆ ವಾರದಿಂದ ನಿದ್ದೆ ಇರಲಿಲ್ಲವಂತೆ. ಈರಮ್ಮನೂ ಮಲಗಿದರು. ಎಬ್ಬಿಸಿ ಎಲ್ಲಿಗೆಂದು ಕೇಳುವುದೇ? ಅದೂ ಹೆಣ್ಣು ನೋಡಲು ಹೊರಟವರನ್ನು? ಅಂಥ ಪಾಪ ನನ್ನಿಂದ ಆಗದು. ಬಳ್ಳಾರಿ ದಾಟಿದೆ. ರಾಂಪುರ, ಹಾನಗಲ್ ದಾಟಿದೆ. ಹಿಂದಿನ ಸೀಟಿನಲ್ಲಿ ಪಂಪಾಪತಿ ಎಚ್ಚರವಾಗಿಯೇ ಇದ್ದ, ಕಿಟಕಿಯ ಹೊರಗೆ ನೋಡುತ್ತ. ಹಾಗಾದರೆ ದಾರಿ ಸರಿಯಿದೆ ಎಂದು ನಾನು ಅಂದುಕೊಂಡೆ.

ಚಳ್ಳಕೆರೆ ಹತ್ತಿರ ಬಿಸಿಲು ಕಣ್ಣಿಗೆ ಹೊಡೆದು ಈರಮ್ಮ ಎದ್ದರು.

"ಏ ತಮ್ಮಾ, ಸೂರ್ಯ ಯಾಕೋ ಎಡಗಡಿ ಮೂಡ್ಯಾನ?"

"ಅವ ಎಲ್ಲಿ ಬೇಕಾದ್ರೂ ಮೂಡ್ತಾನ, ಮಲಗಕ್ಕಾ" ಎಂದ ಶರಣಪ್ಪ, ಕಣ್ಣು ತೆರೆಯದೆ.

"ನಾವು ಬಡಗಣಕ್ಕಲ್ಲೇನೋ ಹೋಗೋದು? ಬಡಗಣಕ್ಕ ಹೋದ್ರ ಬಲಗಡಿ ಅಲ್ಲೇನು ಬರಬೇಕು?"

ಬಡಗಣ ಎಂಬ ಶಬ್ದ ಕೇಳಿ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಶರಣಪ್ಪ ಕಣ್ಣು ಬಿಟ್ಟ. ಎದುರಿಗೆ ಊರಿನ ಹಲಗೆ ನಿಂತಿತ್ತು.

"ಚಳ್ಳಕೇರಿ! ಚಳ್ಳಕೇರಿಗಿ ಹೋಗಂತ ಯಾರು ಹೇಳಿದ್ರೋ ನಿನಗ?"

"ಯಾರೂ ಹೇಳಿಲ್ರಿ. ಅದೇ ತೊಂದ್ರಿ ಆಗೈತಿ."

"ನಾವು ಹೈದರಾಬಾದಿಗಿ ಹೋಗಬೇಕಾಗಿತ್ತಲೇ!"

"ಮತ್ತ ಈ ಶಾಲು?"

"ಬೀಗರಿಗಿ ಹೊಚ್ಚಾಕೋ!"

ನಲವತ್ತು ವರ್ಷದ ವಿದ್ಯೆ ಒಂದು ಶಾಲಿಗೆ ಸಿಕ್ಕಿ ಸತ್ತಿತು. ಶರಣಪ್ಪ ಅಳಿಯನ ಕಡೆ ತಿರುಗಿದ. "ಲೇ, ನೀ ಎಚ್ಚರಿದ್ದೆಲ್ಲ? ಬಾಯಾಗ ಏನಿತ್ತು?"

"ನೀ ಏನೋ ಹಂಚಿಕಿ ಹಾಕಿ ಸುತ್ತು ಹಾಕಸ್ತಿದ್ದಿ ಅಂದ್ಕೊಂಡೆ ಮಾಮಾ. ಇಷ್ಟು ದೊಡ್ಡ ಸುತ್ತು ಯಾಕಂತ ನನಗೂ ಅನಿಸ್ತು."

ನಗು ಬರುವ ಮಾತೇ. ಆದರೆ ಗಾಡಿಯೊಳಗೆ ಯಾರೂ ನಗಲಿಲ್ಲ. ವಿಷಯ ಹೀಗಿತ್ತು: ಹುಡುಗಿಯ ತಂದೆ ನಾಗಪ್ಪ ಮೂಲತಃ ಸಿರುಗುಪ್ಪದ ಕಡೆಯವರು, ಹೈದರಾಬಾದಿಗೆ ಹೋಗಿ ನೆಲೆಸಿದವರು. ಅವತ್ತು ಮಧ್ಯಾಹ್ನ ಊಟ ಮುಗಿಸಿ ಮಗಳೊಂದಿಗೆ ಬೆಂಗಳೂರಿಗೆ ಕಾರಿನಲ್ಲಿ ಹೊರಡುವವರಿದ್ದರು. ಬೆಂಗಳೂರಿನಲ್ಲಿ ಮರುದಿನ ಇನ್ನೊಬ್ಬ ವರ ಕಾಯುತ್ತಿದ್ದ, ತಿಂಗಳ ಸಂಬಳದವನು. ಹೊರಡುವ ಮುಂಚೆ ದೇಶನೂರಿನವರು ಬಂದು ನೋಡಿಕೊಂಡು ಹೋಗಲಿ, ಇದು ಒಂದೇ ಸಲ, ತಿರುತಿರುಗಿ ತೋರಿಸುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಚಳ್ಳಕೆರೆಯಿಂದ ಊಟದ ಹೊತ್ತಿಗೆ ಹೈದರಾಬಾದು ಮುಟ್ಟಲು ಪುಷ್ಪಕ ವಿಮಾನಕ್ಕೂ ಆಗದು.

ಶರಣಪ್ಪ ಫೋನು ಮಾಡಿ ಗಾಡಿ ಪಂಕ್ಚರ್ ಆಗಿದೆ ಎಂದ. ಆ ಕಡೆಯಿಂದ ನಾಗಪ್ಪನವರ ತೆಲುಗು ಬೆರೆತ ದನಿ ನಮಗೆಲ್ಲ ಕೇಳುತ್ತಿತ್ತು. "ಪರವಾಲೇದಪ್ಪಾ. ಋಣ ಇಲ್ಲ ಅಂದ್ರ ಏನು ಮಾಡಾಕ ಆಗ್ತೈತಿ? ನಾಳೆ ಬೆಂಗಳೂರಾಗ ಕುದುರಿದ್ರ ನಿಮ್ಮನ್ನ ಸುಮ್ಮನ ತಿರುಗಾಡಿಸಿದಂಗ ಆಗ್ತೈತಿ. ಬಿಡ್ರಿ."

ಫೋನು ಕೆಳಗಿಟ್ಟ ಮೇಲೆ ಶರಣಪ್ಪ ನನ್ನನ್ನು ಬಯ್ಯಲು ಶುರು ಮಾಡಿದ. ಈರಮ್ಮ ತಡೆದರು. "ಅವರನ್ನ ಯಾಕ ಬಯ್ತಿ? ಎತ್ತಿಗೆ ದಾರಿ ಹೇಳದ ಗಳೇ ಹೊಡದ್ರ ಎತ್ತೇನು ಮಾಡ್ತೈತಿ?" ನನ್ನನ್ನು ಎತ್ತಿನ ಸಮಾನಕ್ಕೆ ಏರಿಸಿದ್ದಕ್ಕೆ ಕೃತಜ್ಞತೆಯಿಂದ ತಲೆಯಾಡಿಸಿದೆ.

ಪಂಪಾಪತಿ ಇಳಿದು ರಸ್ತೆಬದಿಯ ಶೇಂಗಾ ಹೊಲದ ಅಂಚಿನಲ್ಲಿ ನಿಂತ. ಒಂದು ಗಿಡ ಬಗ್ಗಿಸಿ ಎಲೆ ನೋಡಿದ, ರೋಗವಿದೆಯೇನೋ ಎಂಬಂತೆ. ಬೇರೆಯವರ ಹೊಲ, ತನ್ನ ಕೆಲಸ ಕೆಟ್ಟ ಹೊತ್ತು, ಆದರೂ ನೋಡಿದ. ಆಮೇಲೆ ನನ್ನ ಕಿಟಕಿಯ ಬಳಿ ಬಂದ.

"ಅಣ್ಣಾ, ಅವರು ಬರೋ ದಾರಿಗಿ ನಾವೇ ಹೋಗಿ ಕೂಡಾಕ ಆಗ್ತೈತೇನ್ರಿ?"

ನಾನು ಯೋಚಿಸಿದೆ. ಚಳ್ಳಕೆರೆಯಿಂದ ಕಲ್ಯಾಣದುರ್ಗದ ಮೇಲೆ ಅನಂತಪುರ. ಅಲ್ಲಿ ದೊಡ್ಡ ಹೆದ್ದಾರಿ ಸಿಗುತ್ತದೆ. ಅದನ್ನು ಹಿಡಿದು ಅವರಿಗೆ ಎದುರಾಗಿ ಹೋದರೆ ಗುತ್ತಿ. "ಆಗ್ತೈತಿ" ಎಂದೆ.

ಪಂಪಾಪತಿ ಮಾವನ ಕೈಯಿಂದ ಫೋನು ಇಸಿದುಕೊಂಡ. ಅವನು ಅಷ್ಟು ಮಾತಾಡಿದ್ದನ್ನು ಈರಮ್ಮ ಹಿಂದೆಂದೂ ಕೇಳಿರಲಿಲ್ಲವಂತೆ.

"ಮಾವಾರೆ, ನಾನು ಪಂಪಾಪತಿ. ನೀವು ಹೆಂಗೂ ಗುತ್ತಿ ಮ್ಯಾಲ ಬರ್ತೀರಿ. ಎಲ್ಲ್ಯಾರ ಚಹಾಕ್ಕ ನಿಲ್ಲತೀರಿ. ಆ ಚಹಾ ನಮ್ಮ ಜೋಡಿ ಕುಡೀರಿ. ಆಮ್ಯಾಲ ನೀವು ಬೆಂಗಳೂರಿಗಿ ಹೋಗ್ರಿ, ನಾವು ಊರಿಗಿ ಹೋಗ್ತೀವಿ."

ಆ ಕಡೆ ಯಾರೋ ಹೆಣ್ಣುಮಗಳು ಏನೋ ಹೇಳಿದ್ದು ಕೇಳಿಸಿತು. ನಾಗಪ್ಪ, "ಸರಿ, ಬರ್ರಿ. ನಾವೂ ಊಟಕ್ಕ ನಿಲ್ಲದ ಈಗ್ಲೇ ಹೊರಡ್ತೀವಿ" ಎಂದರು.

ಭಾನುವಾರದ ರಾಹುಕಾಲ ಸಂಜೆ. ಅದಕ್ಕೆ ಮುಂಚೆ ನೋಡುವುದು ಮುಗಿಯಬೇಕೆಂದು ಈರಮ್ಮನ ಆಜ್ಞೆ. ಗುತ್ತಿಯ ಕೋಟೆಬೆಟ್ಟ ಕಾಣುವ ಒಂದು ಕಡೆ, ಹೈದರಾಬಾದಿನಿಂದ ಬರುವವರ ಬದಿಗೆ, ದೊಡ್ಡ ಹೋಟೆಲು ಇತ್ತು. ಡಿವೈಡರಿನ ಸಂದಿನಲ್ಲಿ ಗಾಡಿ ಹೊರಳಿಸಿಕೊಂಡು ಬಂದು ಅಲ್ಲಿ ನಿಲ್ಲಿಸಿದೆವು. ಕಾಯುವಾಗ ಶರಣಪ್ಪ ಎಲ್ಲರಿಗೂ ಪಾಠ ಹೇಳಿಕೊಟ್ಟ. "ಕೇಳ್ರಿ. ನಿನ್ನೆ ಬೆಂಗಳೂರಾಗ ನಮಗ ಭಾಳ ತುರ್ತು ಕೆಲಸ ಇತ್ತು. ಅಲ್ಲಿಂದ ನೆಟ್ಟಗ ಬಂದೀವಿ. ತಿಳೀತಾ?"

"ಮತ್ತ ಪಂಕ್ಚರ್?" ಎಂದೆ.

"ಅದೂ ಇರಲಿ, ಬೆಂಗಳೂರಾಗ ಆತು ಅನ್ನು."

ಒಂದು ಸಣ್ಣ ಬೂದು ಕಾರು ಬಂತು. ಸ್ಟೇರಿಂಗ್ ಹಿಡಿದಿದ್ದವಳು ಹುಡುಗಿ, ಪಕ್ಕದಲ್ಲಿ ತಂದೆ. ಹೆಣ್ಣು ನೋಡುವವರು ನಡಿಗೆ ನೋಡುತ್ತಾರೆ, ಜಡೆ ನೋಡುತ್ತಾರೆ. ನಾನು ಗಾಡಿ ನಿಲ್ಲಿಸಿದ್ದನ್ನು ನೋಡಿದೆ. ಎರಡು ಲಾರಿಗಳ ನಡುವಿನ ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆದು, ಮುಖವನ್ನು ರಸ್ತೆಗೆ ಮಾಡಿ, ಒಂದೇ ಸಲಕ್ಕೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು. ನನ್ನ ಒಪ್ಪಿಗೆ ಅಲ್ಲಿಗೇ ಆಗಿಹೋಯಿತು. ಕೇಳುವವರು ಮಾತ್ರ ಇರಲಿಲ್ಲ.

ಹೆಸರು ಸುಜಾತ. ರವಿಕೆಗೆ ಕಸೂತಿ ಹಾಕುವ ಮಗ್ಗಂ ಕೆಲಸದವಳು, ಹೈದರಾಬಾದಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದಳು. ಈರಮ್ಮ ನಾಗಪ್ಪನವರಿಗೆ ಶಾಲು ಹೊದಿಸಿದರು. ಆ ಬಿಸಿಲಿನಲ್ಲಿ ಅವರು ಅದನ್ನು ತೆಗೆಯಲಾರದೆ, ಬೆವರು ಒರೆಸುತ್ತ ಕೂತರು. ಪದ್ಧತಿಯಂತೆ ಹುಡುಗಿ ತಟ್ಟೆಯಲ್ಲಿ ಚಹಾ ತಂದು ಕೊಡಬೇಕು. ಶರಣಪ್ಪ ಗಂಟಲು ಸರಿಮಾಡಿಕೊಂಡು, "ಹುಡುಗೀನ ಕಳಸ್ರಿ, ಚಹಾ ತರಲಿ" ಎಂದು ಹಿರಿಯರ ದನಿಯಲ್ಲಿ ಅಪ್ಪಣೆ ಮಾಡಿದ.

ಸುಜಾತ ಗೋಡೆಯ ಕಡೆ ತೋರಿಸಿದಳು. ಅಲ್ಲಿ ಟೋಕನ್ ತೆಗೆದುಕೊಂಡು ತಾವೇ ತಂದುಕೊಳ್ಳಬೇಕೆಂದು ಬರೆದಿತ್ತು. "ಇದು ನಮ್ಮ ಮನಿ ಅಲ್ಲಲ್ರಿ. ಇಲ್ಲಿ ಯಾರು ಯಾರಿಗೆ ತರಬೇಕು ಅಂತ ಪದ್ಧತಿ ಇದ್ದಂಗಿಲ್ಲ" ಎಂದಳು.

ಆ ಮಾತು ಮುಗಿಯುವ ಮೊದಲೇ ಪಂಪಾಪತಿ ಎದ್ದು ಹೋಗಿದ್ದ. ತಟ್ಟೆಯ ತುಂಬ ಗ್ಲಾಸು ಹಿಡಿದು, ಕೆಸರುಗದ್ದೆಯ ಬದುವಿನ ಮೇಲೆ ನಡೆದು ಬರುವವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬಂದು, ಮೊದಲು ಅವಳ ಮುಂದೆ ಹಿಡಿದ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡು ಚಹಾ ತಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಶರಣಪ್ಪ ಬೇರೆ ಕಡೆ ನೋಡಿದ. ಸುಜಾತ ಗ್ಲಾಸು ತೆಗೆದುಕೊಂಡಳು.

"ನೀವು ಬಳ್ಳಾರಿ ಕಡಿಯಾವ್ರು. ಅನಂತಪುರದ ಕಡಿಂದ ಯಾಕ ಬಂದ್ರಿ?"

ಶರಣಪ್ಪ ಸಿದ್ಧನಾಗಿದ್ದ. "ನಿನ್ನೆ ಬೆಂಗಳೂರಾಗ ಒಂದು..."

"ಇಲ್ರಿ" ಎಂದ ಪಂಪಾಪತಿ. "ಹೆಣ್ಣು ನೋಡಾಕ ಹೊಂಟೀವಂತ ಗೊತ್ತಾದ್ರ ಊರಾಗಿನವರು ಮುರೀತಾರಂತ ಮಾಮಾ ಎಲ್ಲಾರಿಗೂ ಬಳ್ಳಾರಿ ದವಾಖಾನಿ ಅಂತ ಸುಳ್ಳು ಹೇಳಿದ್ದ. ಡ್ರೈವರ್ ಅಣ್ಣಾರಿಗೂ ಖರೇ ಊರು ಹೇಳಲಿಲ್ಲ. ಹಂಗಾಗಿ ಚಳ್ಳಕೇರಿತನಕ ಹೋಗಿ ಬಂದ್ವಿ."

ಸುಜಾತ ಗ್ಲಾಸು ಕೆಳಗಿಟ್ಟಳು. ನಗು ಬಂದಿತ್ತು, ತಡೆದುಕೊಂಡಿದ್ದಳು. "ಊರಾಗ ಯಾರ್ರಿ ಅಷ್ಟು ಮುರಿಯಾವ್ರು?"

"ಯಾರೂ ಮುರಿಯಂಗಿಲ್ರಿ. ಹುಡುಗೇರು ಒಲ್ಲೆ ಅಂತಾರ, ಅಷ್ಟ. ಅದನ್ನ ಒಪ್ಪಾಕ ಮಾಮಾಗ ಆಗಂಗಿಲ್ಲ. ನನ್ನ ಮ್ಯಾಲ ಭಾಳ ಜೀವ ಅವಂದು. ಅದಕ್ಕ ಊರಾಗಿನವರ ಮ್ಯಾಲ ಹಾಕ್ತಾನ."

ಶರಣಪ್ಪನ ಕಣ್ಣು ನೀರಾಡಿದ್ದನ್ನು ಕಂಡು ನಾನು ನನ್ನ ಚಹಾದಲ್ಲಿ ಏನೋ ಬಿದ್ದಿದೆಯೆಂಬಂತೆ ನೋಡಿಕೊಂಡೆ.

"ನಾನು ಕೆಲಸ ಬಿಡಂಗಿಲ್ಲ" ಎಂದಳು ಸುಜಾತ.

"ಯಾಕ ಬಿಡಬೇಕ್ರಿ? ಸಿರುಗುಪ್ಪದಾಗ ಅಂಗಡಿ ಇಡಬೌದು. ಹೈದರಾಬಾದಿನಷ್ಟು ಗಿರಾಕಿ ಬರ್ತಾರಂತ ನಾನು ಹೇಳಂಗಿಲ್ಲ. ಮದುವಿ ಸುಗ್ಗ್ಯಾಗ ಬರಬೌದು."

"ಕರೆಂಟು?"

"ಹೋಗ್ತಿರ್ತೈತಿ. ಬರ್ತಿರ್ತೈತಿ."

"ನಾಳೆ ಬೆಂಗಳೂರಾಗ ಇನ್ನೊಬ್ಬರು ನೋಡಾವ್ರದಾರ. ಗೊತ್ತೈತೇನು?"

"ಗೊತ್ತೈತ್ರಿ."

"ಏನಂತೀರಿ?"

ಪಂಪಾಪತಿ ಯೋಚಿಸಿದ. ನನ್ನ ಕಡೆ ಒಮ್ಮೆ ನೋಡಿದ, ದಾರಿಯ ವಿಷಯವಾದ್ದರಿಂದ. "ರೋಡ್ ಚೊಲೋ ಐತಿ. ಪೆನುಕೊಂಡದ ಹತ್ರ ಲಾರಿ ಭಾಳ ಅಂತಾರ. ಕತ್ತಲಾಗೂದ್ರಾಗ ಅದನ್ನ ದಾಟ್ರಿ."

ನಾಗಪ್ಪ ಎದ್ದರು. ಇಂಥ ಕಡೆ ಯಾರೂ ಅಲ್ಲೇ ಉತ್ತರ ಕೊಡುವುದಿಲ್ಲ. "ಚೂದ್ದಾಂ, ನೋಡೂಣ. ಊರು ಮುಟ್ಟಿದ ಮ್ಯಾಲ ತಿಳಸ್ತೀವಿ" ಎಂದು ಕೈ ಮುಗಿದರು. ಊರು ಮುಟ್ಟಿ ತಿಳಿಸುತ್ತೇವೆ ಎಂದರೆ ಏನೆಂದು ದೇಶನೂರಿನವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಎಷ್ಟೋ ಅಂಗಳಗಳಲ್ಲಿ ಕೇಳಿಸಿಕೊಂಡು ಬಂದವರು ಅವರು. ಬೂದು ಕಾರು ಬೆಂಗಳೂರಿನ ಕಡೆ ಹೊರಟಿತು.

ನಾವು ನಾಲ್ವರೂ ರಸ್ತೆಯ ಅಂಚಿಗೆ ಬಂದು ನಿಂತು ನೋಡಿದೆವು. "ಮುಗೀತು" ಎಂದ ಶರಣಪ್ಪ. "ಬೆಂಗಳೂರಿನಾಂವಗ ಸಂಬಳ ಐತಿ, ಫ್ಯಾನ್ ಐತಿ. ನೀ ಕರೆಂಟ್ ಹೋಗ್ತೈತಿ ಅಂತ ಯಾಕ ಹೇಳಬೇಕಾಗಿತ್ತಲೇ?"

"ಹೋಗ್ತೈತಲ್ಲ ಮಾಮಾ."

ಈರಮ್ಮ ಮೊಣಕಾಲಿನ ಸುಳ್ಳು ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡರು.

ನನ್ನ ಕಣ್ಣು ಮಾತ್ರ ಆ ಕಾರನ್ನು ಬಿಟ್ಟಿರಲಿಲ್ಲ. ವೃತ್ತಿಯ ಚಟ. ದೂರದಲ್ಲಿ, ಡಿವೈಡರಿನ ಸಂದು ಇದ್ದಲ್ಲಿ, ಅದರ ವೇಗ ಇಳಿಯಿತು. ಬಲಗಡೆಯ ಇಂಡಿಕೇಟರ್ ಮಿಣುಕಿತು. ಎದುರಿನಿಂದ ಒಂದು ಲಾರಿ ಬರುತ್ತಿತ್ತು. ಅದು ಹೋಗುವವರೆಗೆ ಅವಳು ತಾಳ್ಮೆಯಿಂದ ನಿಂತಳು. ಆಮೇಲೆ ಪೂರ್ತಿ ಹೊರಳಿಸಿದಳು.

ಬೂದು ಕಾರು ಆ ಬದಿಯ ರಸ್ತೆಯಲ್ಲಿ ಹೈದರಾಬಾದಿನ ಕಡೆಗೆ ಮುಖ ಮಾಡಿ ಬರತೊಡಗಿತು. ಡಿವೈಡರಿನ ಕಣಗಿಲೆ ಗಿಡಗಳ ಸಂದಿನಲ್ಲಿ ಕಾಣುತ್ತ, ಮರೆಯಾಗುತ್ತ ನಮ್ಮೆದುರಿಗೆ ಬಂತು. ನಾಗಪ್ಪನವರು ಶಾಲು ಹೊದ್ದುಕೊಂಡೇ ಎರಡೂ ಕೈ ಆಡಿಸಿ ಏನೋ ವಾದಿಸುತ್ತಿದ್ದರು. ಸುಜಾತಳ ಕಣ್ಣು ರಸ್ತೆಯ ಮೇಲೆ ನೆಟ್ಟಿತ್ತು. ಕಾರು ನಿಲ್ಲಲಿಲ್ಲ.

"ಏನೋ ಮರೆತು ಬಂದಿರಬೇಕು ಪಾಪ" ಎಂದರು ಈರಮ್ಮ.

"ಏನೂ ಮರೆತಿಲ್ಲವ್ವ" ಎಂದೆ. "ಅವರು ಬೆಂಗಳೂರಿಗಿ ಹೋಗವಲ್ರು. ಮನಿಗೆ ಹೊಂಟಾರ."

ಶರಣಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ರಸ್ತೆಯಲ್ಲಿ ಹೋಗುವ ಲಾರಿಯವರಿಗೆಲ್ಲ ಕೇಳುವ ಹಾಗೆ, "ಪಂಪಾ! ಲೇ ಪಂಪಾ!" ಎಂದು ಕೂಗಿದ. ಆದರೆ ಪಂಪಾಪತಿ ಅಲ್ಲಿರಲಿಲ್ಲ. ನಮ್ಮ ಗಾಡಿಯ ಹಿಂದೆ ಹೋಗಿ, ಯಾರಿಗೂ ಕಾಣದ ಕಡೆ, ಬಂಪರಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದನೋ, ನಗುತ್ತಿದ್ದನೋ, ನಾನು ಬಗ್ಗಿ ನೋಡಲಿಲ್ಲ.

ತಮ್ಮಂದಿರೇ, ಗಾಡಿಯ ಹಿಂದೆ ಒಬ್ಬ ಮನುಷ್ಯ ಹಾಗೆ ಕೂತಿರುವಾಗ ಹಾರ್ನ್ ಹೊಡೆಯಬಾರದು, ಹೊತ್ತಾಯಿತೆನ್ನಬಾರದು. ಅವನು ತಾನಾಗಿ ಎದ್ದು ಬಂದು ಬಾಗಿಲು ತೆಗೆಯುವವರೆಗೆ ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಸುಮ್ಮನೆ ನಿಲ್ಲಬೇಕು.